ಮೀಟರ್ 46,000 ಎನ್ನುತ್ತದೆ, ನಂಬಬಹುದೇ?

ಪ್ರಶ್ನೆ: ಮೈಸೂರಿನ ಡೀಲರ್ ಒಬ್ಬರ ಬಳಿ 2017ರ ಡೀಸೆಲ್ ಕಾರು ನೋಡಿದ್ದೇನೆ. ಮೀಟರ್‌ನಲ್ಲಿ 46,000 ಕಿ.ಮೀ. ಇದೆ. ಒಬ್ಬರೇ ಮಾಲೀಕರು, ಮಂಡ್ಯದಿಂದ ಮೈಸೂರಿಗೆ ಕೆಲಸಕ್ಕೆ ಹೋಗಿಬರಲು ಮಾತ್ರ ಬಳಸಿದ್ದರಂತೆ. ನಂಬಬಹುದೇ? – ಓದುಗರು, ಮಂಡ್ಯ

ಉತ್ತರ: ಡೀಲರ್ ಹೇಳಿದ ಕಥೆಯನ್ನೇ ಲೆಕ್ಕಕ್ಕೆ ಇಳಿಸಿ ನೋಡಿ. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿ.ಮೀ. ಹೋಗಿಬರಲು 90. ತಿಂಗಳಿಗೆ 22 ದಿನ ಎಂದರೂ ಹತ್ತಿರ ಹತ್ತಿರ 2,000 ಕಿ.ಮೀ. ಆಯಿತು. ಅಂದರೆ ಎರಡು ವರ್ಷ ತುಂಬುವ ಮೊದಲೇ 46,000 ದಾಟಿರಬೇಕು. ಮಿಕ್ಕ ವರ್ಷಗಳಲ್ಲಿ ಕಾರು ಎಲ್ಲಿತ್ತು? ಹೆಚ್ಚಿನ ದಿನ ರೈಲಿನಲ್ಲಿ ಓಡಾಡಿದ್ದರು ಎಂದರೆ ಒಪ್ಪಬಹುದು. ಆ ದಾರಿಯಲ್ಲಿ ಹಾಗೆ ಮಾಡುವವರು ಬಹಳ ಮಂದಿ. ಆದರೆ ಅಷ್ಟು ಕಡಿಮೆ ಓಡಿಸುವವರು ಹೆಚ್ಚು ಬೆಲೆ ತೆತ್ತು ಡೀಸೆಲ್ ಕಾರನ್ನೇ ಕೊಂಡದ್ದು ಏಕೆ?

ಹಳೆಯ ಮೀಟರ್‌ಗಳಲ್ಲಿ ಅಂಕಿಯ ಚಕ್ರಗಳು ಸೊಟ್ಟಗೆ ನಿಂತಿದ್ದರೆ ಕೈಯಾಡಿಸಿದ್ದಾರೆ ಎಂದು ತಿಳಿಯುತ್ತಿತ್ತು. ಈಗಿನ ಡಿಜಿಟಲ್ ಮೀಟರ್ ಅನ್ನು ಬಿಚ್ಚದೆಯೇ ಉಪಕರಣ ಜೋಡಿಸಿ ಅಂಕಿ ಇಳಿಸಲು ಸಾಧ್ಯ. ಹಾಗಾಗಿ ಮೀಟರ್ ಅನ್ನೇ ದಿಟ್ಟಿಸಿ ಫಲವಿಲ್ಲ, ಬೇರೆ ಸಾಕ್ಷಿ ಹುಡುಕಬೇಕು.

ಮೊದಲ ಸಾಕ್ಷಿ ಸರ್ವೀಸ್ ದಾಖಲೆ. ಕಂಪನಿಯ ಅಧಿಕೃತ ಸರ್ವೀಸ್ ಕೇಂದ್ರದಲ್ಲಿ ಕಾರು ಬಿಟ್ಟಾಗಲೆಲ್ಲ ಕಿಲೋಮೀಟರ್ ಬರೆದುಕೊಳ್ಳುತ್ತಾರೆ. ಹಳೆಯ ಮಾಲೀಕರಿಂದ ಹೇಳಿಸಿ ಆ ಪಟ್ಟಿ ತೆಗೆಸಿ. 2020ರಲ್ಲೇ 70,000 ಎಂದಿದ್ದರೆ ಮಾತು ಅಲ್ಲಿಗೆ ಮುಗಿಯಿತು. ಪಟ್ಟಿ ಎರಡು ಮೂರು ವರ್ಷಕ್ಕೇ ನಿಂತುಹೋಗಿ, ಆಮೇಲೆ ‘ಹೊರಗಿನ ಗ್ಯಾರೇಜ್’ ಎಂದರೆ ಆ ಗ್ಯಾರೇಜಿನ ಬಿಲ್ ಕೇಳಿ.

ಎರಡನೆಯದು ನಮ್ಮ ರಸ್ತೆಯೇ ಒದಗಿಸುವ ಸಾಕ್ಷಿ. 2023ರಿಂದ ಶ್ರೀರಂಗಪಟ್ಟಣದ ಬಳಿ ಗಣಂಗೂರಿನಲ್ಲಿ ಟೋಲ್ ಇದೆ. ಹಳೆಯ ಮಾಲೀಕರ ಫಾಸ್ಟ್ಯಾಗ್ ಸ್ಟೇಟ್‌ಮೆಂಟ್‌ನಲ್ಲಿ ಟೋಲ್ ದಾಟಿದ ಪ್ರತಿ ಸಲದ ದಿನಾಂಕ ಇರುತ್ತದೆ. ತಿಂಗಳಿಗೆ ನಲವತ್ತು ಸಲ ದಾಟಿದ ಕಾರು ಎಷ್ಟು ಓಡಿರಬೇಕು ಎಂದು ಹೇಳಲು ತಜ್ಞರೇ ಬೇಕಿಲ್ಲ. ಸರ್ವೀಸ್ ರಸ್ತೆ ಹಿಡಿದು ಟೋಲ್ ತಪ್ಪಿಸುವವರೂ ಇದ್ದಾರೆ. ಆದ್ದರಿಂದ ದಾಟಿದ ಲೆಕ್ಕ ಕಡಿಮೆಯಿದ್ದ ಮಾತ್ರಕ್ಕೆ ಮೀಟರ್ ಸರಿ ಎಂದುಕೊಳ್ಳಬೇಡಿ.

ಇನ್ನು ಕಾರಿನ ಮೈ. ಕ್ಲಚ್ ಮತ್ತು ಬ್ರೇಕ್ ಪೆಡಲ್‌ಗಳ ರಬ್ಬರ್, ಸ್ಟೇರಿಂಗ್‌ನ ಕೈ ಹಿಡಿಯುವ ಜಾಗ, ಚಾಲಕರ ಸೀಟಿನ ಬಾಗಿಲ ಕಡೆಯ ಅಂಚು ನೋಡಿ. ಸವೆದಿದ್ದರೆ ಅನುಮಾನ ಸಹಜ. ಉಳಿದದ್ದೆಲ್ಲ ಹಳತಾಗಿ ಪೆಡಲ್ ರಬ್ಬರ್ ಮಾತ್ರ ಹೊಸದಾಗಿದ್ದರೆ ನನಗೆ ಇನ್ನೂ ಹೆಚ್ಚು ಅನುಮಾನ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಸಾಮಾನ್ಯ ಬಳಕೆಯಲ್ಲಿ ಟೈರ್ 40,000 ಕಿ.ಮೀ. ಆಸುಪಾಸಿನವರೆಗೆ ಬರುತ್ತದೆ. 2017ರ ಕಾರಿಗೆ 2019ರಲ್ಲೇ ನಾಲ್ಕೂ ಟೈರ್ ಬದಲಾಗಿದ್ದರೆ ಕಾರಣ ಕೇಳಿ. ಐದಾರು ವರ್ಷದ ಮೇಲೆ ಬದಲಾಗಿದ್ದರೆ ಅದು ಬರೀ ವಯಸ್ಸಿನ ಕಾರಣಕ್ಕೂ ಇರಬಹುದು.

ಗೊತ್ತಿರುವ ಮೆಕ್ಯಾನಿಕ್ ಇದ್ದರೆ ಸ್ಕ್ಯಾನರ್ ಹಾಕಿಸಿ. ಕೆಲವು ಕಾರುಗಳಲ್ಲಿ ಎಂಜಿನ್ ಅಥವಾ ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ನಿಯಂತ್ರಿಸುವ ಘಟಕವೂ ಓಡಿದ ದೂರವನ್ನು ಪ್ರತ್ಯೇಕವಾಗಿ ಇಟ್ಟುಕೊಂಡಿರುತ್ತದೆ. ಅಂಕಿ ಇಳಿಸುವವರು ಅದನ್ನು ಮರೆಯುವುದುಂಟು.

ನನ್ನ ಮಟ್ಟಿಗೆ, ದಾಖಲೆಯಿಲ್ಲದ 46,000ಕ್ಕಿಂತ ಪೂರ್ತಿ ಸರ್ವೀಸ್ ಪಟ್ಟಿಯಿರುವ 1,20,000 ಕಿ.ಮೀ. ಓಡಿದ ಕಾರು ಮೇಲು. ಇಷ್ಟಾದರೂ ಇದೇ ಬೇಕೆನ್ನಿಸಿದರೆ ಲಕ್ಷ ಕಿ.ಮೀ. ದಾಟಿದ ಕಾರಿನ ಬೆಲೆ ಹೇಳಿ, ಮಾರಾಟದ ಕರಾರಿನಲ್ಲಿ ‘ಮೀಟರ್ ಓದು ನಿಜ’ ಎಂದು ಬರೆಸಿಕೊಳ್ಳಿ. ಮುಂದೆ ಗ್ರಾಹಕ ಆಯೋಗಕ್ಕೆ ಹೋಗಬೇಕಾಗಿ ಬಂದರೆ ಆ ಸಾಲು ಕೆಲಸಕ್ಕೆ ಬರುತ್ತದೆ. ಸ್ಟೇಟ್‌ಮೆಂಟ್ ಕೇಳಿದ ಕೂಡಲೇ ‘ಇನ್ನೊಂದು ಪಾರ್ಟಿ ಸಂಜೆ ಅಡ್ವಾನ್ಸ್ ಕೊಡಲು ಬರುತ್ತಿದ್ದಾರೆ’ ಎಂದರೆ, ಕಾರನ್ನು ಧಾರಾಳವಾಗಿ ಆ ಪಾರ್ಟಿಗೇ ಬಿಟ್ಟುಕೊಡಿ.