ರೂಪಾಯಿ ಇಳಿದರೂ ಕಾಫಿ ಚೆರಿ ಬೆಲೆ ಏಕೆ ಏರಲಿಲ್ಲ?

ಓದುಗರ ಪತ್ರ: ಡಾಲರ್ ಏರಿದರೆ ರಫ್ತು ಬೆಳೆಯವರಿಗೆ ಲಾಭ ಎಂದು ಎಲ್ಲರೂ ಹೇಳುತ್ತಾರೆ. ಅದನ್ನು ನಂಬಿ ರೋಬಸ್ಟಾ ಚೆರಿ (ಒಣಗಿಸಿದ ಕಾಫಿ ಹಣ್ಣು) ಮಾರದೆ ಇಟ್ಟುಕೊಂಡೆ. ರೂಪಾಯಿ ಇಳಿಯಿತು, ಚೆರಿ ಬೆಲೆಯೂ ಇಳಿಯಿತು, ಏರಿದ್ದು ಗೊಬ್ಬರದ ಬೆಲೆ ಮಾತ್ರ. ಮೈಸೂರಿನಲ್ಲಿ ಓದಿದ ಅರ್ಥಶಾಸ್ತ್ರಜ್ಞೆ ಗೀತಾ ಗೋಪಿನಾಥ್ ಅವರ ಸಂಶೋಧನೆ ಈ ನಂಬಿಕೆಯನ್ನೇ ಪ್ರಶ್ನಿಸುತ್ತದಂತೆ. ಅದು ಏನು ಹೇಳುತ್ತದೆ? ರಿಸರ್ವ್ ಬ್ಯಾಂಕ್ ರೂಪಾಯಿಯನ್ನು ಇನ್ನಷ್ಟು ಇಳಿಯಲು ಬಿಟ್ಟರೆ ನಮಗೆ ಒಳ್ಳೆಯದಲ್ಲವೇ? ಮೆಣಸಿಗೂ ಇದೇ ಲೆಕ್ಕವೇ?
— ಒಬ್ಬ ಬೆಳೆಗಾರ, ಸಕಲೇಶಪುರ ತಾಲ್ಲೂಕು

ಸಂಪಾದಕರ ಉತ್ತರ:

ಮಾನ್ಯರೇ,

ನಿಮಗೆ ಹೇಳಿದವರು ಸುಳ್ಳು ಹೇಳಲಿಲ್ಲ, ಅರ್ಧ ಮಾತ್ರ ಹೇಳಿದರು. ಹಳೆಯ ಪಠ್ಯಪುಸ್ತಕದ ವಾದ ಹೀಗಿದೆ: ಭಾರತದ ವ್ಯಾಪಾರಿ ತನ್ನ ಸರಕಿಗೆ ರೂಪಾಯಿಯಲ್ಲಿ ಬೆಲೆ ಕಟ್ಟುತ್ತಾನೆ. ರೂಪಾಯಿ ಇಳಿದರೆ ಹೊರಗಿನವರಿಗೆ ಆ ಸರಕು ಅಗ್ಗವಾಗುತ್ತದೆ, ಅವರು ಹೆಚ್ಚು ಕೊಳ್ಳುತ್ತಾರೆ, ರಫ್ತು ಬೆಳೆಯುತ್ತದೆ. ಗೀತಾ ಗೋಪಿನಾಥ್ ಮತ್ತು ಅವರ ಸಹಲೇಖಕರು ಕೈಹಾಕಿದ್ದು ಈ ವಾದದ ಮೊದಲ ಮೆಟ್ಟಿಲಿಗೇ. ಸರಕಿನ ಬಿಲ್ಲು ನಿಜವಾಗಿ ಯಾವ ಹಣದಲ್ಲಿ ಆಗುತ್ತದೆ ಎಂದು ಅವರು ಲೆಕ್ಕ ಹಾಕಿದರು. 2015ರಲ್ಲಿ ಗೀತಾ ಗೋಪಿನಾಥ್ ಮಂಡಿಸಿದ ಪ್ರಬಂಧದ ಪ್ರಕಾರ ಭಾರತದ ರಫ್ತಿನಲ್ಲಿ ಶೇ 86ರಷ್ಟಕ್ಕೆ ಡಾಲರ್‌ನಲ್ಲಿ ಬಿಲ್ಲಾಗುತ್ತಿತ್ತು, ಅಮೆರಿಕಕ್ಕೆ ಹೋಗುತ್ತಿದ್ದ ಪಾಲು ಮಾತ್ರ ಶೇ 15. ಆಮದಿನಲ್ಲೂ ಶೇ 86 ಡಾಲರ್‌ನಲ್ಲೇ, ಅಮೆರಿಕದಿಂದ ಬರುತ್ತಿದ್ದದ್ದು ಶೇ 5. ನಮ್ಮ ಕಾಫಿಯ ದೊಡ್ಡ ಗಿರಾಕಿ ಇಟಲಿಯನ್ನೇ ನೋಡಿ. ಕೊಳ್ಳುವವನ ಜೇಬಿನಲ್ಲಿ ಯೂರೊ, ಮಾರುವವರ ಜೇಬಿನಲ್ಲಿ ರೂಪಾಯಿ, ಆದರೂ ಕರಾರು ಡಾಲರ್‌ನಲ್ಲಿ.

ಇದರಿಂದ ಎರಡು ಪರಿಣಾಮ. ರೂಪಾಯಿ ಇಳಿದಾಗ ಇಟಲಿಯವನಿಗೆ ಕಾಣುವ ಡಾಲರ್ ಬೆಲೆ ಕದಲುವುದಿಲ್ಲ, ಹಾಗಾಗಿ ಅವನು ಒಂದು ಮೂಟೆಯನ್ನೂ ಹೆಚ್ಚಾಗಿ ಕೊಳ್ಳುವುದಿಲ್ಲ. ಆಮದಿನ ಕಡೆ ಮಾತ್ರ ಪೆಟ್ಟು ಬೇಗ ಬೀಳುತ್ತದೆ. ನಮ್ಮ ದೇಶಕ್ಕೆ ಬೇಕಾದ ಪೊಟ್ಯಾಷ್ ಗೊಬ್ಬರ ಹೆಚ್ಚುಕಡಿಮೆ ಪೂರ್ತಿ ಹೊರಗಿನಿಂದಲೇ ಬರಬೇಕು. 2010ರಿಂದ ಅದರ ಸಬ್ಸಿಡಿ ಪೋಷಕಾಂಶದ ಕಿಲೋಗೆ ಇಷ್ಟು ಎಂದು ನಿಗದಿಯಾಗುತ್ತದೆ, ಆದ್ದರಿಂದ ಡಾಲರ್ ಏರಿಕೆಯ ಹೊರೆ ಚೀಲದ ಬೆಲೆಯ ಮೇಲೆ ಬರಬಹುದು. ಯೂರಿಯಾದ ಮಾರಾಟ ಬೆಲೆಯನ್ನು ಸರ್ಕಾರವೇ ಕಟ್ಟಿಹಾಕಿರುವುದರಿಂದ ಅಲ್ಲಿ ನಿಮಗೆ ಬಿಸಿ ತಟ್ಟುವುದಿಲ್ಲ.

ಇಲ್ಲಿ ಒಂದು ವಿಷಯ ಸ್ಪಷ್ಟವಾಗಬೇಕು, ಪತ್ರಿಕೆಗಳಲ್ಲಿ ಇದು ಬಹಳ ಸಲ ತಪ್ಪಾಗಿ ಬರುತ್ತದೆ. 2020ರಲ್ಲಿ ಪ್ರಕಟವಾದ ಅವರ ಮುಖ್ಯ ಪ್ರಬಂಧ ಕಾಫಿಯಂಥ ಕಚ್ಚಾ ಸರಕಿನ ಬಗ್ಗೆ ಅಲ್ಲ. ಕಾಫಿಗೆ ಡಾಲರ್ ಬೆಲೆ ಎಂಬುದು ಎಲ್ಲರಿಗೂ ಮೊದಲೇ ಗೊತ್ತಿತ್ತು. ಬಟ್ಟೆ, ಯಂತ್ರದ ಭಾಗ, ಔಷಧಿಯಂಥ ತಯಾರಿ ವಸ್ತುಗಳೂ ಡಾಲರ್ ಬೆಲೆಗೇ ಅಂಟಿಕೊಂಡಿವೆ ಎಂದು ತೋರಿಸಿದ್ದು ಹೊಸತು. ಹಾಸನದ ಗಾರ್ಮೆಂಟ್ ಕಾರ್ಖಾನೆಗಳ ಮಟ್ಟಿಗೆ ಇದು ಕಾಫಿಗಿಂತ ಮುಖ್ಯವಾದ ಸುದ್ದಿ. ರೂಪಾಯಿ ಇಳಿದ ಮಾತ್ರಕ್ಕೆ ಅಲ್ಲಿಗೆ ಹೊಸ ಆರ್ಡರ್ ಬರುತ್ತದೆ ಎಂದು ಕಾಯುವಂತಿಲ್ಲ.

ನಿಮ್ಮ ಚೆರಿಗೆ ಬರೋಣ. ಇದನ್ನು ಕಾಗದದ ಮೇಲೆ ನೀವೇ ಮಾಡಿ ನೋಡಬಹುದು. ರೋಬಸ್ಟಾಗೆ ಲಂಡನ್ ಮಾರುಕಟ್ಟೆಯಲ್ಲಿ ಟನ್ನಿಗೆ ಇಷ್ಟು ಡಾಲರ್ ಎಂದು ಬೆಲೆ ಹೇಳುತ್ತಾರೆ (ಅರೇಬಿಕಾಗೆ ನ್ಯೂಯಾರ್ಕ್, ಪೌಂಡಿಗೆ ಇಷ್ಟು ಸೆಂಟ್). ಲೆಕ್ಕಕ್ಕಾಗಿ ಲಂಡನ್ 4,000 ಡಾಲರ್, ಡಾಲರ್‌ಗೆ 85 ರೂಪಾಯಿ ಎಂದು ಇಟ್ಟುಕೊಳ್ಳಿ. ಗುಣಿಸಿ 1,000ದಿಂದ ಭಾಗಿಸಿದರೆ ಕ್ಲೀನ್ ಕಾಫಿ (ಸಿಪ್ಪೆ ತೆಗೆದ ಬೀಜ) ಕಿಲೋಗೆ 340 ರೂಪಾಯಿ. ನಿಮ್ಮ 50 ಕಿಲೋ ಚೆರಿ ಮೂಟೆಯ ಔಟ್‌ಟರ್ನ್ (ಅದರಿಂದ ಸಿಗುವ ಕ್ಲೀನ್ ಕಾಫಿ) 26 ಕಿಲೋ ಆದರೆ ಮೂಟೆಗೆ 8,840 ರೂಪಾಯಿ. ಭಾರತದ ಕಾಫಿಗೆ ಲಂಡನ್ ಮೇಲೆ ಸಿಗುವ ಪ್ರೀಮಿಯಂ ಇದಕ್ಕೆ ಸೇರಬೇಕು. ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹಸನು ಮಾಡುವ) ಖರ್ಚು, ಸಾಗಣೆ, ರಫ್ತುದಾರರ ಲಾಭ ಇದರಿಂದ ಕಳೆಯಬೇಕು. ಉಳಿದದ್ದು ನಿಮ್ಮ ಗೋದಾಮಿನ ಬಾಗಿಲಿನ ಬೆಲೆ.

ಈಗ ಡಾಲರ್ ಶೇ 2 ಏರಿ 86.70 ಆಯಿತು, ಲಂಡನ್ ಹಾಗೇ ನಿಂತಿತು ಎನ್ನೋಣ. ಮೂಟೆಗೆ ಸಿಗುವ ಹೆಚ್ಚಳ ಸುಮಾರು 177 ರೂಪಾಯಿ. ಲಂಡನ್ ಒಂದೇ ದಿನದಲ್ಲಿ ಶೇ 2 ಏರಿಳಿಯುವುದು ಅಪರೂಪವೇನಲ್ಲ, ರೂಪಾಯಿ ಅಷ್ಟು ಕದಲಲು ಸಾಮಾನ್ಯವಾಗಿ ವಾರಗಳು ಬೇಕು. ಔಟ್‌ಟರ್ನ್ 26ರಿಂದ 27 ಆದರೆ ಸಿಗುವುದು 340 ರೂಪಾಯಿ, ಅಂದರೆ ರೂಪಾಯಿ ಕುಸಿತ ಕೊಟ್ಟಿದ್ದರ ಹೆಚ್ಚುಕಡಿಮೆ ಎರಡರಷ್ಟು. ಹಸಿರುಕಾಯಿ ಸೇರಿಸದೆ ಹಣ್ಣು ಕೊಯ್ಯಿಸುವುದು ನಿಮ್ಮ ಕೈಯಲ್ಲಿದೆ, ಡಾಲರ್ ಇಲ್ಲ.

ಹಾಗಿದ್ದರೂ ಬೆಲೆ ಇಳಿದದ್ದು ಏಕೆ? ಇಳಿದದ್ದು ರೂಪಾಯಿ ಒಂದೇನಾ, ಅಥವಾ ಡಾಲರ್ ಎಲ್ಲ ಹಣಗಳೆದುರೂ ಏರಿತೇ ಎಂಬುದನ್ನು ನೋಡಬೇಕು. ಎರಡೂ ಪೂರ್ತಿ ಬೇರೆ ಸಂಗತಿಗಳು. ಡಾಲರ್ ಎಲ್ಲೆಡೆ ಏರಿದಾಗ ಬ್ರೆಜಿಲ್‌ನ ರಿಯಾಲ್ ಕೂಡ ಇಳಿದಿರುತ್ತದೆ. ಅಲ್ಲಿನ ಬೆಳೆಗಾರನಿಗೆ ಅದೇ ಡಾಲರ್ ಬೆಲೆಗೆ ಹೆಚ್ಚು ರಿಯಾಲ್ ಸಿಗುವುದರಿಂದ ಅವನು ಸರಕು ಹೊರಗೆ ಬಿಡುತ್ತಾನೆ, ಡಾಲರ್ ಬೆಲೆ ಜಗ್ಗುತ್ತದೆ. ಯೂರೊ ಇಳಿದಿದ್ದರೆ ಇಟಲಿಯ ಹುರಿಯುವವನಿಗೆ ನಮ್ಮ ಕಾಫಿ ದುಬಾರಿಯಾಗಿ ಅವನೂ ಕೈ ಬಿಗಿಹಿಡಿಯುತ್ತಾನೆ. ತಯಾರಿ ವಸ್ತುಗಳಲ್ಲಿ ಈ ಪರಿಣಾಮವನ್ನು ಗೀತಾ ಗೋಪಿನಾಥ್ ತಂಡ ಅಳೆದಿದೆ: ಡಾಲರ್ ಎಲ್ಲ ಹಣಗಳೆದುರು ಶೇ 1 ಏರಿದರೆ, ಅಮೆರಿಕ ಬಿಟ್ಟು ಉಳಿದ ದೇಶಗಳ ನಡುವಿನ ವ್ಯಾಪಾರದ ಪ್ರಮಾಣ ಒಂದು ವರ್ಷದೊಳಗೆ ಸುಮಾರು ಶೇ 0.6 ಕುಗ್ಗುತ್ತದೆ. ಮೇಲಿನ ಲೆಕ್ಕದಲ್ಲೇ ರೂಪಾಯಿ ಶೇ 3 ಇಳಿದು 87.55 ಆಗಿ, ಲಂಡನ್ ಶೇ 5 ಕುಸಿದು 3,800 ಆದರೆ, ಮೂಟೆ 8,650ಕ್ಕೆ ಇಳಿಯುತ್ತದೆ. ನಿಮಗೆ ಆದದ್ದು ಈ ಬಗೆಯದೇ ಇರಬೇಕು. ಇನ್ನೊಂದು ಕಾರಣವೂ ಇರಬಹುದು. ರಫ್ತುದಾರರು ಡಾಲರನ್ನು ಮುಂಗಡ ದರಕ್ಕೆ ಬ್ಯಾಂಕಿನಲ್ಲಿ ಕಟ್ಟಿಕೊಂಡಿದ್ದರೆ, ರೂಪಾಯಿ ಇಳಿದ ಲಾಭ ಹಳೆಯ ಕರಾರಿನಲ್ಲಿ ಅವರಿಗೂ ಸಿಗುವುದಿಲ್ಲ, ನಿಮಗೆ ಎಲ್ಲಿಂದ ಕೊಟ್ಟಾರು.

ಆದ್ದರಿಂದ ಮೂಟೆ ಹಿಡಿದಿಡುವ ಮುನ್ನ ರೂಪಾಯಿ ದರ ಒಂದನ್ನೇ ನೋಡಬೇಡಿ. ಲಂಡನ್ ಬೆಲೆ, ರಿಯಾಲ್, ಯೂರೊ ಮೂರನ್ನೂ ಜೊತೆಗಿಟ್ಟು ನೋಡಿ. ಬೆಳೆಸಾಲಕ್ಕೆ ಬಡ್ಡಿ ಓಡುತ್ತಿದ್ದರೆ ಅದನ್ನೂ ಮೂಟೆಯ ಮೇಲೆ ಹಾಕಿ.

ರಿಸರ್ವ್ ಬ್ಯಾಂಕ್ ರೂಪಾಯಿಯನ್ನು ಬಿಟ್ಟುಬಿಡಲಿ ಎಂಬುದಕ್ಕೆ ನಮ್ಮ ಸಹಮತವಿಲ್ಲ. 2016ರಿಂದ ಅದಕ್ಕೆ ಕಾನೂನು ಒಪ್ಪಿಸಿರುವ ಕೆಲಸ ಹಣದುಬ್ಬರವನ್ನು ಶೇ 4ರ ಸುತ್ತ, 2ರಿಂದ 6ರೊಳಗೆ ಇಡುವುದು. ರೂಪಾಯಿ ಕುಸಿದರೆ ಡೀಸೆಲ್, ಅಡುಗೆ ಎಣ್ಣೆ ಏರುತ್ತವೆ, ಕೂಲಿ ಏರಲೇಬೇಕಾಗುತ್ತದೆ, ರಫ್ತು ಅದಕ್ಕೆ ತಕ್ಕಷ್ಟು ಹೆಚ್ಚುವುದಿಲ್ಲ. ಕಾಫಿಯಂತೂ ಬೆಲೆ ನೋಡಿ ಈ ವರ್ಷ ಹೆಚ್ಚು ಬಿಡುವ ಗಿಡವಲ್ಲ. ಬಡ್ಡಿ ಏರಿಸಿ ರೂಪಾಯಿಯನ್ನು ಹಿಡಿಯಲು ಹೋದರೆ ಸಾಲ ದುಬಾರಿ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರೆಪೊ ದರ (ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ) ಶೇ 4ರಿಂದ 6.50ಕ್ಕೆ ಏರಿದ್ದು ಬೆಳೆಗಾರರಿಗೆಲ್ಲ ನೆನಪಿದೆ. ಅಮೆರಿಕದ ಬಡ್ಡಿ ಏರಿ ಡಾಲರ್ ಬಲವಾದಾಗ ನಮ್ಮಂಥ ದೇಶಗಳ ಮುಂದೆ ನೋವಿಲ್ಲದ ದಾರಿ ಉಳಿಯುವುದಿಲ್ಲ ಎಂಬುದು ಈ ಸಂಶೋಧನೆಯಿಂದ ಸಿಗುವ ಒಂದು ಪಾಠ. ಕೆಲವು ಸಂದರ್ಭಗಳಲ್ಲಿ ವಿದೇಶಿ ವಿನಿಮಯ ಮಾರುಕಟ್ಟೆಗೆ ಇಳಿದು ಡಾಲರ್ ಮಾರುವುದು ಸರಿ ಎಂದು ಗೀತಾ ಗೋಪಿನಾಥ್ ಅಂತರರಾಷ್ಟ್ರೀಯ ಹಣಕಾಸು ನಿಧಿಯಲ್ಲಿ (ಐಎಂಎಫ್) ಇದ್ದಾಗ ಸಹಲೇಖಕರೊಂದಿಗೆ ವಾದಿಸಿದ್ದೂ ಇದರಿಂದಲೇ.

2022ರ ಜುಲೈಯಲ್ಲಿ ರಿಸರ್ವ್ ಬ್ಯಾಂಕ್ ರೂಪಾಯಿಯಲ್ಲೇ ವ್ಯಾಪಾರ ಚುಕ್ತಾ ಮಾಡುವ ವ್ಯವಸ್ಥೆ ತಂದಿದೆ. ಕಾಫಿಗೆ ಅದು ಸದ್ಯಕ್ಕೆ ದೊಡ್ಡ ಉತ್ತರವಲ್ಲ. ವಿಯೆಟ್ನಾಂ, ಬ್ರೆಜಿಲ್ ಡಾಲರ್‌ನಲ್ಲಿ ಬೆಲೆ ಹೇಳುತ್ತಿರುವಾಗ, ಇಟಲಿಯವನು ಲಂಡನ್‌ನಲ್ಲಿ ತನ್ನ ಬೆಲೆಯನ್ನು ಭದ್ರ ಮಾಡಿಕೊಳ್ಳುತ್ತಿರುವಾಗ, ನಾವು ಮಾತ್ರ ರೂಪಾಯಿ ಬೆಲೆ ಹೇಳಿದರೆ ಹೋಲಿಸಲು ಅವನಿಗೇ ಕಷ್ಟ.

ಮೆಣಸಿನ ಲೆಕ್ಕ ಬೇರೆ. ನಮ್ಮ ಕಾಳುಮೆಣಸಿನ ಬಹುಪಾಲು ದೇಶದೊಳಗೇ ಖರ್ಚಾಗುತ್ತದೆ, ಪೈಪೋಟಿ ಕೊಡುವುದು ಹೊರಗಿನಿಂದ ಬರುವ ಮೆಣಸು. ಡಾಲರ್ ಏರಿದರೆ ಆ ಮೆಣಸು ಇಲ್ಲಿಗೆ ಬಂದು ಇಳಿಯುವ ಬೆಲೆ ಏರಿ ನಿಮಗೆ ಸ್ವಲ್ಪ ಆಸರೆಯಾಗುತ್ತದೆ. ಅದರ ಮೇಲೆ 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು. ಹೊರಗಿನ ಮೆಣಸು ಆ ಮಟ್ಟಕ್ಕಿಂತ ಅಗ್ಗವಾಗಿರುವಾಗ ಆ ಬೇಲಿ ಕೆಲಸ ಮಾಡುತ್ತದೆ, ಮೇಲಿರುವಾಗ ಬೇಲಿಗೆ ಕೆಲಸವಿಲ್ಲ, ನಿಮ್ಮ ಬೆಲೆಯನ್ನು ತೀರ್ಮಾನಿಸುವುದು ಇಲ್ಲಿನ ಬೆಳೆ, ಇಲ್ಲಿನ ಬೇಡಿಕೆ ಮತ್ತು ಹೊರಗಿನ ಮೆಣಸು ಬಂದು ಇಳಿಯುವ ಬೆಲೆ. ಕಾಫಿ ಹಿಡಿದಿಡಬೇಕೇ, ಮೆಣಸು ಹಿಡಿದಿಡಬೇಕೇ ಎಂಬುದನ್ನು ಹಾಗಾಗಿ ಎರಡು ಬೇರೆ ಹಾಳೆಗಳ ಮೇಲೆ ಲೆಕ್ಕ ಹಾಕಿ.