ಮಾರ್ಫಿನ್ ನೋವನ್ನಷ್ಟೇ ತೆಗೆದು ಸುಮ್ಮನಿರುವುದಿಲ್ಲ, ಏಕೆ?

ಕ್ಯಾನ್ಸರ್ ಇರುವ ನಿಮ್ಮ ತಂದೆಗೆ ಮಾರ್ಫಿನ್ ಮಾತ್ರೆ ಶುರುವಾದ ಮೇಲೆ ರಾತ್ರಿ ನಿದ್ದೆ ಬರುತ್ತಿದೆ, ಆದರೆ ನಾಲ್ಕು ದಿನದಿಂದ ಮಲ ಕಟ್ಟಿದೆ ಎಂದು ಬರೆದಿದ್ದೀರಿ. ಇಷ್ಟೆಲ್ಲ ಸಂಶೋಧನೆ ನಡೆದರೂ ನೋವನ್ನು ಮಾತ್ರ ತೆಗೆಯುವ ಔಷಧ ಏಕೆ ಬಂದಿಲ್ಲ ಎಂದು ಕೇಳಿದ್ದೀರಿ. ನಾನು ವೈದ್ಯಕೀಯ ವಿದ್ಯಾರ್ಥಿಗಳಿಗೆ ಔಷಧಶಾಸ್ತ್ರ ಕಲಿಸುವವನು. ಮೊದಲು ತುರ್ತಿನ ಮಾತು: ತಂದೆಯವರಿಗೆ ವಾಂತಿ, ಹೊಟ್ಟೆ ಉಬ್ಬರ, ತಡೆಯಲಾರದ ಹೊಟ್ಟೆನೋವು ಇದ್ದರೆ ಉಳಿದದ್ದನ್ನು ಆಮೇಲೆ ಓದಿ, ಈಗಲೇ ವೈದ್ಯರ ಬಳಿ ಹೋಗಿ. ಇವು ಯಾವುದೂ ಇಲ್ಲದಿದ್ದರೂ ನಾಲ್ಕು ದಿನ ಸಣ್ಣ ವಿಷಯವಲ್ಲ, ಇಂದೇ ತಿಳಿಸಿ. ಮಾರ್ಫಿನ್ ಅನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ನಿಮ್ಮ ಪ್ರಶ್ನೆಯ ಉತ್ತರವನ್ನು ನಾನು ವಿದ್ಯಾರ್ಥಿಯಾಗಿದ್ದಾಗ ಕಣ್ಣಾರೆ ಕಂಡಿದ್ದೇನೆ. ಗಿನಿಪಿಗ್‌ನ ಸಣ್ಣ ಕರುಳಿನ ಎರಡು ಮೂರು ಸೆಂಟಿಮೀಟರ್ ತುಂಡನ್ನು 37 ಡಿಗ್ರಿ ಬಿಸುಪಿನ ಲವಣದ ನೀರಿನಲ್ಲಿ ಇಳಿಬಿಟ್ಟು, ಅದರ ಮೇಲ್ತುದಿಯನ್ನು ದಾರದಿಂದ ಒಂದು ಕಡ್ಡಿಗೆ ಕಟ್ಟುತ್ತಿದ್ದೆವು. ಕಡ್ಡಿಯ ಮೊನೆ ಮಸಿ ಹಿಡಿಸಿದ ಕಾಗದಕ್ಕೆ ತಾಗಿಕೊಂಡಿರುತ್ತಿತ್ತು. ಹತ್ತು ಸೆಕೆಂಡಿಗೊಮ್ಮೆ ಸಣ್ಣಗೆ ವಿದ್ಯುತ್ ಹಾಯಿಸಿದರೆ ಕರುಳು ಕುಗ್ಗುತ್ತಿತ್ತು, ಮಸಿಯ ಮೇಲೆ ಒಂದು ಬಿಳಿ ಗೆರೆ ಏಳುತ್ತಿತ್ತು. ನೀರಿಗೆ ತುಸು ಮಾರ್ಫಿನ್ ಬೆರೆಸಿದೊಡನೆ ಗೆರೆಗಳು ಗಿಡ್ಡವಾಗುತ್ತ ಬಂದವು. ನ್ಯಾಲಾಕ್ಸೋನ್ ಎಂಬ ವಿರೋಧಿ ಔಷಧ ಹಾಕಿದೆವು. ನೋಡನೋಡುತ್ತಿದ್ದಂತೆ ಮತ್ತೆ ಮೊದಲಿನ ಎತ್ತರಕ್ಕೆ ಎದ್ದು ನಿಂತವು. ಅರಗು ಹಚ್ಚಿ ಒಣಗಿಸಿದ ಆ ಕಾಗದ ಇಂದಿಗೂ ನನ್ನ ಮೇಜಿನ ಖಾನೆಯಲ್ಲಿದೆ.

ಅಲ್ಲಿ ಮೆದುಳೂ ಇರಲಿಲ್ಲ, ನೋವೂ ಇರಲಿಲ್ಲ. ಆದರೂ ಮಾರ್ಫಿನ್ ಕೂರುವ ಜಾಗ ಆ ತುಂಡಿನೊಳಗೇ ಇತ್ತು. ಆ ಜಾಗಕ್ಕೆ ರಿಸೆಪ್ಟರ್ ಎನ್ನುತ್ತಾರೆ. ಕನ್ನಡದಲ್ಲಿ ಗ್ರಾಹಕ ಎಂಬ ಪದವಿದೆ, ಆದರೆ ಅದನ್ನು ಓದಿದೊಡನೆ ಅಂಗಡಿಗೆ ಬಂದವರು ನೆನಪಾಗುವುದರಿಂದ ನಾನು ರಿಸೆಪ್ಟರ್ ಎಂದೇ ಬರೆಯುತ್ತೇನೆ.

ಮಾರ್ಫಿನ್ ಮತ್ತು ಅದರ ಬಳಗದ ಔಷಧಗಳಿಗೆ ಓಪಿಯಾಯ್ಡ್ ಎನ್ನುತ್ತಾರೆ. ಅವು ಕೂರುವ ರಿಸೆಪ್ಟರ್ ನಿಜಕ್ಕೂ ಇದೆ ಎಂದು 1973ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್ ತೋರಿಸಿದರು. ವಿಕಿರಣಶೀಲ ನ್ಯಾಲಾಕ್ಸೋನ್ ಎಲ್ಲಿ ಅಂಟಿಕೊಳ್ಳುತ್ತದೆ ಎಂದು ಹುಡುಕಿದ ಅವರಿಗೆ ಅದು ಸಿಕ್ಕಿದ್ದು ಮೆದುಳಿನ ಅಂಗಾಂಶದಲ್ಲಿ, ಜೊತೆಗೆ ಗಿನಿಪಿಗ್‌ನ ಕರುಳಿನಲ್ಲಿ. ಮೊದಲ ಪ್ರಬಂಧದಲ್ಲೇ ನಿಮ್ಮ ತಂದೆಯವರ ತೊಂದರೆಯ ಸುಳಿವು ಇತ್ತು ಎನ್ನಬಹುದು. ಅದೇ ವರ್ಷ ನ್ಯೂಯಾರ್ಕಿನ ಎರಿಕ್ ಸೈಮನ್, ಸ್ವೀಡನ್ನಿನ ಲಾರ್ಸ್ ಟೆರೇನಿಯಸ್ ಕೂಡ ಬೇರೆ ಬೇರೆಯಾಗಿ ಇದೇ ತೀರ್ಮಾನಕ್ಕೆ ಬಂದರು.

ಮಾರ್ಫಿನ್ ಸಿಗುವ ಗಸಗಸೆ ಗಿಡದ ಹಾಲಿಗಾಗಿ ನಮ್ಮ ದೇಹ ಜಾಗ ಕಾದಿರಿಸಿರಲಾರದು, ಅಲ್ಲವೇ? ಹಾಗಾದರೆ ಅಲ್ಲಿ ಕೂರಬೇಕಾದ ವಸ್ತು ದೇಹದೊಳಗೇ ಇರಬೇಕು. ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಜಾನ್ ಹ್ಯೂಸ್ ಮತ್ತು ಹಾನ್ಸ್ ಕೋಸ್ಟರ್‌ಲಿಟ್ಜ್ ಹಂದಿಯ ಮೆದುಳುಗಳಿಂದ ಸಾರ ತೆಗೆದು, ಕರುಳಿನ ಇಂಥದೇ ತುಂಡುಗಳ ಮೇಲೆ, ಇಲಿಯ ವೀರ್ಯನಾಳದ ಮೇಲೆ ಪರೀಕ್ಷಿಸಿ, 1975ರಲ್ಲಿ ಅದನ್ನು ಗುರುತಿಸಿದರು. ಎನ್ಕೆಫಾಲಿನ್ ಎಂಬುದು ಅದರ ಹೆಸರು. ಬರೀ ಐದು ಅಮೈನೋ ಆಮ್ಲಗಳ ಸರಪಳಿ. ಈ ಭಾಗವನ್ನು ತರಗತಿಯಲ್ಲಿ ಹೇಳುವಾಗ ನನಗೆ ಈಗಲೂ ಮೈ ನವಿರೇಳುತ್ತದೆ.

ಈ ರಿಸೆಪ್ಟರುಗಳಲ್ಲಿ ಮ್ಯೂ, ಡೆಲ್ಟಾ, ಕಪ್ಪಾ ಎಂಬ ಬಗೆಗಳಿವೆ. ಮಾರ್ಫಿನ್ ಮುಖ್ಯವಾಗಿ ಹಿಡಿಯುವುದು ಮ್ಯೂವನ್ನು. ಬೆನ್ನುಹುರಿಯಲ್ಲಿ ನೋವಿನ ಸುದ್ದಿ ತರುವ ನರದ ತುದಿಯಲ್ಲಿ ಅದು ಕೂತಾಗ ಕ್ಯಾಲ್ಸಿಯಂ ಒಳಬರುವ ದಾರಿ ಮುಚ್ಚುತ್ತದೆ. ಸುದ್ದಿ ದಾಟಿಸುವ ರಾಸಾಯನಿಕ ಹೊರಬೀಳುವುದಿಲ್ಲ. ಮುಂದಿನ ನರಕೋಶದಿಂದ ಪೊಟ್ಯಾಸಿಯಂ ಹೊರಹರಿದು ಅದೂ ತಣ್ಣಗಾಗುತ್ತದೆ. ಕರುಳಿನ ಗೋಡೆಯ ನರಗಳಲ್ಲಿ ನಡೆಯುವುದೂ ಇದೇ. ಅಲ್ಲಿ ತಡೆಯಾಗುವುದು ಕರುಳನ್ನು ಕುಗ್ಗಿಸುವ ಅಸಿಟೈಲ್‌ಕೋಲಿನ್, ಅಷ್ಟೇ ವ್ಯತ್ಯಾಸ. ಮೆದುಳಿನ ಬುಡದಲ್ಲಿ ಉಸಿರಾಟ ನಡೆಸುವ ನರಕೋಶಗಳಲ್ಲೂ ಮ್ಯೂ ಇದೆ. ಅಳತೆ ಮೀರಿದ ಮಾರ್ಫಿನ್ ಉಸಿರನ್ನು ನಿಲ್ಲಿಸುವುದು ಅದರಿಂದಲೇ. ನ್ಯಾಲಾಕ್ಸೋನ್ ಜೀವ ಉಳಿಸುವುದೂ ಅಲ್ಲಿಯೇ.

ಒಳ್ಳೆಯದನ್ನು ಮಾಡುವ ರಿಸೆಪ್ಟರ್ ಒಂದು, ಕೆಟ್ಟದ್ದನ್ನು ಮಾಡುವುದು ಇನ್ನೊಂದು ಇರಬಹುದೇ ಎಂಬ ಆಸೆ ಬಹಳ ಕಾಲ ಇತ್ತು. 1996ರಲ್ಲಿ ಫ್ರಾನ್ಸಿನ ಬ್ರಿಜಿತ್ ಕೀಫರ್ ಅವರ ತಂಡ ಮ್ಯೂ ರಿಸೆಪ್ಟರಿನ ಜೀನ್ ಇಲ್ಲದ ಇಲಿಗಳನ್ನು ಬೆಳೆಸಿತು. ಅವಕ್ಕೆ ಮಾರ್ಫಿನ್‌ನಿಂದ ನೋವು ಶಮನವಾಗಲಿಲ್ಲ, ಅವಲಂಬನೆಯೂ ಬರಲಿಲ್ಲ. ಎರಡಕ್ಕೂ ಮೂಲ ಒಂದೇ. ಆಮೇಲೆ ರಿಸೆಪ್ಟರಿನ ಒಳಗಡೆ ಎರಡು ದಾರಿಗಳಿವೆ, ಕೆಟ್ಟದ್ದು ಬರುವುದು ಬೀಟಾ-ಅರೆಸ್ಟಿನ್ ಎಂಬ ಪ್ರೋಟೀನಿನ ದಾರಿಯಿಂದ, ಅದನ್ನು ತಪ್ಪಿಸಿದರೆ ಸಾಕು ಎಂಬ ಭರವಸೆ ಹುಟ್ಟಿತು. ಆ ದಾರಿಯಲ್ಲಿ ರೂಪುಗೊಂಡ ಆಲಿಸೆರಿಡಿನ್ ಎಂಬ ನೋವಿನ ಔಷಧಕ್ಕೆ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಅದರ ಮೇಲೂ ಉಸಿರಾಟದ ಎಚ್ಚರಿಕೆ ಇದೆ, ಮತ್ತು ಬೀಟಾ-ಅರೆಸ್ಟಿನ್ ಇಲ್ಲದ ಇಲಿಗಳಲ್ಲೂ ಮಾರ್ಫಿನ್ ಉಸಿರನ್ನು ತಗ್ಗಿಸುತ್ತದೆ ಎಂದು ಬೇರೆ ಪ್ರಯೋಗಾಲಯಗಳು ಕಂಡುಕೊಂಡವು. ಈ ದಾರಿ ಗುರಿ ಮುಟ್ಟಿಸುತ್ತದೆಂದು ನಾನು ನಂಬಿಲ್ಲ.

ಫಲ ಕೊಟ್ಟಿರುವುದು ಇನ್ನೊಂದು ಉಪಾಯ. ರಿಸೆಪ್ಟರ್ ಒಂದೇ ಆದರೂ ಜಾಗಗಳು ಬೇರೆ ತಾನೆ? ಬೇಧಿ ನಿಲ್ಲಲು ಔಷಧದಂಗಡಿಯಲ್ಲಿ ಕೊಡುವ ಲೋಪೆರಮೈಡ್ ಕೂಡ ಮ್ಯೂವನ್ನೇ ಹಿಡಿಯುವ ಔಷಧ. ಹೇಳಿದ ಪ್ರಮಾಣದಲ್ಲಿ ಅದು ಮೆದುಳಿಗೆ ಹೋಗದಂತೆ ರಕ್ತನಾಳದ ಗೋಡೆಯ ಪ್ರೋಟೀನ್ ಹೊರದೂಡುವುದರಿಂದ ಕರುಳಿನಲ್ಲಷ್ಟೇ ಕೆಲಸ ಮಾಡುತ್ತದೆ. ಇದನ್ನೇ ತಿರುವುಮುರುವು ಮಾಡಿ ಮೀಥೈಲ್‌ನ್ಯಾಲ್ಟ್ರೆಕ್ಸೋನ್ ಎಂಬ ಔಷಧ ತಂದರು. ಅದು ಕರುಳಿನಲ್ಲಿ ಮಾರ್ಫಿನ್ ಅನ್ನು ಎಬ್ಬಿಸಿ ಕಳಿಸುತ್ತದೆ, ಮೆದುಳಿಗೆ ಸುಲಭವಾಗಿ ದಾಟುವುದಿಲ್ಲವಾದ್ದರಿಂದ ನೋವು ಮರಳುವುದಿಲ್ಲ. ಸಾಮಾನ್ಯ ಮಲವಿರೇಚಕಗಳು ಸೋತಾಗ ಬಳಸುವಂಥದ್ದು.

ನಿಮ್ಮ ತಂದೆಯವರಿಗೆ ಬಹುಶಃ ಅಷ್ಟು ದೂರ ಹೋಗಬೇಕಾಗಿಲ್ಲ. ಮಾರ್ಫಿನ್‌ನ ಮಂಪರು, ವಾಕರಿಕೆ ಕೆಲವು ದಿನಗಳಲ್ಲಿ ಸಾಮಾನ್ಯವಾಗಿ ತಗ್ಗುತ್ತವೆ, ಮಲಬದ್ಧತೆ ಮಾತ್ರ ತಾನಾಗಿ ಹೋಗುವುದಿಲ್ಲ. ಅದಕ್ಕಾಗಿಯೇ ಮೊದಲ ದಿನದಿಂದಲೇ ಸೋನಾಮುಖಿ ಅಥವಾ ಬಿಸಾಕೋಡಿಲ್‌ನಂಥ, ಕರುಳನ್ನು ಚುರುಕುಗೊಳಿಸುವ ಮಾತ್ರೆಯನ್ನು ಜೊತೆಗೆ ಬರೆಯಬೇಕು. ಬರೆದಿಲ್ಲದಿದ್ದರೆ ಸಂಕೋಚ ಬಿಟ್ಟು ಕೇಳಿ. ನೆಂಟರು ಹೇಳಿದರೆಂದು ಇಸಬ್‌ಗೋಲ್ ಕೊಡಬೇಡಿ. ಚಲನೆ ನಿಂತ ಕರುಳಿನಲ್ಲಿ ಅದು ಉಬ್ಬಿ ಗಟ್ಟಿಯಾಗಿ ಕೂರಬಹುದು. ಎಬ್ಬಿಸಿದರೂ ಏಳದಷ್ಟು ಮಂಪರು, ಎಣಿಸುವಷ್ಟು ನಿಧಾನವಾದ ಉಸಿರು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ವೈದ್ಯರಿಗೆ ಫೋನ್ ಮಾಡುವಾಗ ಮಾತ್ರೆಯ ಪ್ರಮಾಣ, ದಿನಕ್ಕೆ ಎಷ್ಟು ಸಲ, ಕೊನೆಯ ಬಾರಿ ಮಲವಾದದ್ದು ಯಾವಾಗ ಎಂಬುದನ್ನು ಕೈಯಲ್ಲಿ ಬರೆದಿಟ್ಟುಕೊಂಡಿರಿ.