ಹಳೇ ಜೀಪಿಗೆ ಕ್ಯಾನ್ವಾಸ್ ಟಾಪ್: ಮಲೆನಾಡಿನ ಮಳೆಗೆ ಸೋರದ ಹಾಗೆ ಕೂರಿಸುವುದು ಹೇಗೆ?

ನೀವು ಕೇಳಿರುವುದು ಇಷ್ಟು: ಮೂಡಿಗೆರೆ ಹತ್ತಿರದ ತೋಟದಲ್ಲಿ ಹಳೇ ಮಹೀಂದ್ರ ಸಿಜೆ3ಬಿ ಜೀಪ್ ಇದೆ, ಟಾಪ್ ಹರಿದಿದೆ. ರೆಡಿಮೇಡ್ ತರಿಸುವುದೋ ಹೊಲಿಸುವುದೋ, ಬಟ್ಟೆ ಯಾವುದು, ಮಳೆಗಾಲದಲ್ಲಿ ಡ್ರೈವರ್ ಮೊಣಕಾಲಿನ ಮೇಲೆ ನೀರು ತೊಟ್ಟಿಕ್ಕದ ಹಾಗೆ ಕೂರಿಸುವುದು ಹೇಗೆ.

ಬಟ್ಟೆಯ ವಿಷಯ ಆಮೇಲೆ. ಸೋರುವ ಟಾಪುಗಳಲ್ಲಿ ಹೆಚ್ಚಿನವಕ್ಕೆ ತಪ್ಪು ಇರುವುದು ಬಟ್ಟೆಯನ್ನು ಹೊರುವ ಕಮಾನು ಪೈಪುಗಳಲ್ಲಿ. ಪೈಪು ಸೊಟ್ಟಗಿದ್ದರೆ ಎಂಥಾ ಒಳ್ಳೇ ಕ್ಯಾನ್ವಾಸೂ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಆಗುತ್ತದೆ. ನೀರು ಹುಡುಕುವುದು ಆ ಸಡಿಲ ಜಾಗವನ್ನೇ.

ಹಳೇ ಟಾಪ್ ಬಿಚ್ಚಿದ ಮೇಲೆ ಮುಂದಿನ ಗ್ಲಾಸ್ ಫ್ರೇಮನ್ನು ನೆಟ್ಟಗೆ ನಿಲ್ಲಿಸಿ ಎರಡೂ ಬದಿಯ ಕ್ಲಾಂಪ್ ಬಿಗಿ ಮಾಡಿ. ಬಾನೆಟ್ ಮೇಲಕ್ಕೆ ಮಡಚುವ ಫ್ರೇಮು ಇದು. ಹಿಂಜು ಸವೆದಿದ್ದರೆ ಟಾಪ್ ಎಳೆದಾಗ ಹಿಂದಕ್ಕೆ ವಾಲುತ್ತದೆ. ಎಷ್ಟು ವಾಲಿತೋ ಅಷ್ಟೂ ಬಟ್ಟೆಯಲ್ಲಿ ಸಡಿಲವಾಗಿ ಉಳಿಯುತ್ತದೆ. ಕಮಾನುಗಳು ಬುಡದ ಬ್ರ್ಯಾಕೆಟ್‌ನಲ್ಲಿ ಅಲ್ಲಾಡುತ್ತಿದ್ದರೆ ಹೊಸ ಬೋಲ್ಟು, ವಾಷರ್ ಹಾಕಿ. ಪೈಪು ತುಕ್ಕು ತಿಂದಿದ್ದರೆ 1 ಇಂಚಿನ, 16 ಗೇಜಿನ ಎಂಎಸ್ (ಮೆದು ಉಕ್ಕು) ಪೈಪನ್ನು ಬಗ್ಗಿಸಿ ಹೊಸದು ಮಾಡಿಸಿ. ನಂತರ ಒಂದು ಹುರಿ ತೆಗೆದುಕೊಂಡು ಗ್ಲಾಸ್ ಫ್ರೇಮಿನ ಎಡಮೂಲೆಯಿಂದ ಹಿಂದಿನ ಕಮಾನಿನ ಬಲಮೂಲೆಗೆ, ಬಲಮೂಲೆಯಿಂದ ಎಡಕ್ಕೆ ಅಳೆಯಿರಿ. ಎರಡು ಅಳತೆಗೂ ಕಾಲು ಇಂಚಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಅಲ್ಲೇ ನಿಲ್ಲಿಸಿ, ಪೈಪು ಸರಿಪಡಿಸಿ.

ಹಿಂದಿನ ಕಮಾನು ಗ್ಲಾಸ್ ಫ್ರೇಮಿನ ತಲೆಗಿಂತ ಒಂದು, ಒಂದೂವರೆ ಇಂಚು ತಗ್ಗಿರಲಿ. ಎರಡು ಆಧಾರಗಳ ನಡುವೆ ಎರಡೂವರೆ ಅಡಿಗಿಂತ ಹೆಚ್ಚು ಅಂತರ ಬಂದರೆ ಮಧ್ಯೆ ಇನ್ನೊಂದು ಕಮಾನು ಸೇರಿಸಿ. ಇಲ್ಲದಿದ್ದರೆ ಬಟ್ಟೆ ಹೊಟ್ಟೆ ಬಿಡುತ್ತದೆ. ಅದರಲ್ಲಿ ಒಂದು ಬಕೆಟ್ ನೀರು ನಿಂತರೂ 15 ಕಿಲೊ ಭಾರ. ಆ ಭಾರಕ್ಕೆ ಬಟ್ಟೆ ಇನ್ನಷ್ಟು ಜಗ್ಗಿ, ಮುಂದಿನ ಮಳೆಗೆ ಇನ್ನೂ ಹೆಚ್ಚು ನೀರು ನಿಲ್ಲುತ್ತದೆ.

ಈಗ ಬಹಳ ಜನ ಬಿಟ್ಟುಬಿಡುವ ಕೆಲಸ: ಪಟ್ಟಿ. ಒಂದೂವರೆ ಇಂಚು ಅಗಲದ ಎರಡು ಪಾಲಿಯೆಸ್ಟರ್ ಪಟ್ಟಿಗಳನ್ನು ಗ್ಲಾಸ್ ಫ್ರೇಮಿನಿಂದ ಪ್ರತಿ ಕಮಾನಿಗೂ ಸುತ್ತಿ, ಹಿಂದೆ ಗಾಡಿಯ ಮೈಗೆ ಬಿಗಿದು ಕಟ್ಟಬೇಕು. ಕಮಾನನ್ನು ಅದರ ಜಾಗದಲ್ಲಿ ಹಿಡಿಯುವುದು ಈ ಪಟ್ಟಿ. ಬಟ್ಟೆ ಅದರ ಮೇಲೆ ಸುಮ್ಮನೆ ಕೂರಬೇಕು. ಪಟ್ಟಿ ಇಲ್ಲದಿದ್ದರೆ ಎಳೆತವೆಲ್ಲ ಹೊಲಿಗೆಯ ಮೇಲೆ ಬೀಳುತ್ತದೆ. ನೈಲಾನ್ ಪಟ್ಟಿ ಬೇಡ, ಒದ್ದೆಯಾದರೆ ಜಗ್ಗುತ್ತದೆ.

ರೆಡಿಮೇಡ್ ಬಗ್ಗೆ ನನ್ನ ಅಭಿಪ್ರಾಯ: ಬೇಡ, ಗಾಡಿ ಮೇಲೆಯೇ ಅಳತೆ ತೆಗೆದು ಹೊಲಿಸಿ. ವಿಲ್ಲಿಸ್ ಕಂಪನಿ ಅಮೆರಿಕದಲ್ಲಿ 1953ರಲ್ಲಿ ಶುರು ಮಾಡಿದ ಸಿಜೆ3ಬಿ ಅಲ್ಲಿ 1968ಕ್ಕೆ ನಿಂತರೂ, ಮಹೀಂದ್ರ ಇಲ್ಲಿ ದಶಕಗಟ್ಟಲೆ ತಯಾರಿಸಿತು. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 80 ಇಂಚು ಎನ್ನುವುದು ಲೆಕ್ಕ. ಆದರೆ ತೋಟದ ಜೀಪುಗಳಿಗೆ ಟಿಂಕರಿಂಗ್ ಆಗಿ, ಹಿಂಬದಿ ಉದ್ದ ಮಾಡಿಸಿ, ಕಮಾನು ಬದಲಿಸಿ ಆಗಿರುತ್ತದೆ. ಒಂದು ಜೀಪಿನ ಟಾಪ್ ಪಕ್ಕದ ತೋಟದ ಜೀಪಿಗೆ ಕೂರುವುದಿಲ್ಲ.

ಬಟ್ಟೆಗೆ ಬರೋಣ. ತಾಡಪಾಲು ಅಂತ ಕಣಕ್ಕೆ ಹಾಸುವ ನೀಲಿ ಪ್ಲಾಸ್ಟಿಕ್ ಶೀಟು ಇದಕ್ಕೆ ಆಗದು, ಬಿಸಿಲಿಗೆ ಪುಡಿಯಾಗುತ್ತದೆ. ಉಳಿದದ್ದು ಎರಡೇ: ಕಾಟನ್ ಕ್ಯಾನ್ವಾಸ್, ಪಿವಿಸಿ ಲೇಪನದ ಬಟ್ಟೆ. ಗಾಡಿ ಶೆಡ್ಡಿನಲ್ಲಿ ನಿಲ್ಲುವುದಾದರೆ ಕ್ಯಾನ್ವಾಸ್ ಹಾಕಿ. ಅದು ಉಸಿರಾಡುತ್ತದೆ, ಒಳಗೆ ಬೆವರು ಕಟ್ಟುವುದಿಲ್ಲ, ನೆನೆದಾಗ ನೂಲು ಉಬ್ಬಿ ಹೊಲಿಗೆ ತೂತುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ವರ್ಷವಿಡೀ ಬಯಲಲ್ಲಿ ನಿಲ್ಲುವ ಗಾಡಿಯಾದರೆ, ಅದರಲ್ಲೂ ಕೊಟ್ಟಿಗೆಹಾರದ ಕಡೆಯ ಮಳೆಗೆ, ವಾರಗಟ್ಟಲೆ ಒಣಗದ ಕ್ಯಾನ್ವಾಸ್ ಬೂಷ್ಟು ಹಿಡಿದು ಕೊಳೆಯುತ್ತದೆ. ಅಲ್ಲಿ ಪಿವಿಸಿಯೇ ಸರಿ. ಅರಸೀಕೆರೆ ಕಡೆಯ ಒಣ ಬಿಸಿಲಿಗೆ ನಾನಾದರೆ ಎರಡನೇ ಯೋಚನೆ ಇಲ್ಲದೆ ಕ್ಯಾನ್ವಾಸ್ ಹೇಳುತ್ತೇನೆ.

ಮೇಲ್ಛಾವಣಿ, ಹಿಂಪರದೆ, ಬದಿಗಳು, ಎರಡು ಬಾಗಿಲು ಸೇರಿ, 54 ಇಂಚು ಪನ್ನದ ಬಟ್ಟೆ ಸುಮಾರು 8ರಿಂದ 9 ಮೀಟರ್ ಬೇಕಾಗುತ್ತದೆ. ವಾಟರ್‌ಪ್ರೂಫ್ ಮಾಡದ ಕ್ಯಾನ್ವಾಸ್ ತಂದರೆ ಕತ್ತರಿಸುವ ಮೊದಲು ಎರಡು ಸಲ ನೆನೆಸಿ ಒಣಗಿಸಿ. ಅದು ನೂರಕ್ಕೆ 3ರಿಂದ 5ರಷ್ಟು ಕುಗ್ಗುತ್ತದೆ, ಅಂದರೆ 2 ಮೀಟರ್ ಉದ್ದದಲ್ಲಿ 6ರಿಂದ 10 ಸೆಂಟಿಮೀಟರ್. ನೆನೆಸದೆ ಹೊಲಿದರೆ ಮೊದಲ ಮಳೆಗೇ ಬಟ್ಟೆಯನ್ನು ಗಾಡಿಗೆ ಹಿಡಿದಿಡುವ ಬಟನ್ನುಗಳು ಕಿತ್ತು ಬರುತ್ತವೆ. ಅಳತೆಗೆ ಹಳೇ ಬೆಡ್‌ಶೀಟನ್ನು ಕಮಾನಿನ ಮೇಲೆ ಹಾಸಿ, ಕ್ಲಿಪ್ ಹಾಕಿ, ಚಾಕ್‌ಪೀಸಿನಲ್ಲಿ ಗುರುತು ಮಾಡಿ ಕತ್ತರಿಸಿಕೊಳ್ಳಿ. ಹೊಲಿಗೆಗೆ 1 ಇಂಚು, ಅಂಚು ಮಡಚಲು 2 ಇಂಚು ಹೆಚ್ಚುವರಿ ಬಿಡಿ.

ಹೊಲಿಯುವವರಿಗೆ ಮೂರು ಮಾತು ಬಿಡಿಸಿ ಹೇಳಿ. ಒಳಗೆ ಪಾಲಿಯೆಸ್ಟರ್, ಮೇಲೆ ಹತ್ತಿ ಇರುವ ದಪ್ಪ ನೂಲು. ಇಂಚಿಗೆ 6ರಿಂದ 7 ಹೊಲಿಗೆ, ಹೆಚ್ಚು ಬೇಡ. ಒತ್ತಾಗಿ ಹಾಕಿದರೆ ಸ್ಟಾಂಪಿನ ಅಂಚಿನ ಹಾಗೆ ಬಟ್ಟೆ ಅಲ್ಲೇ ಹರಿಯುತ್ತದೆ. ಇನ್ನೊಂದು, ಅಡ್ಡ ಜೋಡಣೆ ಬಂದರೆ ಮುಂದಿನ ತುಂಡು ಹಿಂದಿನದರ ಮೇಲೆ ಬರಬೇಕು. ಮಂಗಳೂರು ಹೆಂಚಿನಲ್ಲಿ ಮೇಲಿನ ಸಾಲು ಕೆಳಗಿನದರ ಮೇಲೆ ಕೂರುವ ಹಾಗೆ. ಓಡುವ ಗಾಡಿಯಲ್ಲಿ ನೀರು ಮುಂದಿನಿಂದ ಹಿಂದಕ್ಕೆ ತಳ್ಳಿಸಿಕೊಂಡು ಬರುತ್ತದೆ. ಜೋಡಣೆ ತಿರುವುಮುರುವಾದರೆ ಅದರ ಬಾಯಿ ಗಾಳಿಗೆ ಎದುರಾಗಿ ತೆರೆದು ಪ್ರತಿ ಹನಿಯನ್ನೂ ಒಳಗೆ ಎಳೆದುಕೊಳ್ಳುತ್ತದೆ. ಹೊಲಿದಾದ ಮೇಲೆ ಕ್ಯಾನ್ವಾಸ್ ಆದರೆ ಹೊರಗಿನಿಂದ ಜೇನುಮೇಣ ಉಜ್ಜಿ, ಬಿಸಿಲಿಗಿಟ್ಟು ಇಳಿಸಿ. ಪೈಪು ತಾಗುವ ಕಡೆಗಳಲ್ಲೆಲ್ಲ ಒಳಬದಿಗೆ ಮೂರು ಇಂಚಿನ ಇನ್ನೊಂದು ಪದರ ಹೊಲಿಸಿ. ಮೊದಲು ಸವೆದು ತೂತಾಗುವುದು ಅಲ್ಲಿಯೇ.

ಕೂರಿಸಲು ಮಾರ್ಚ್, ಏಪ್ರಿಲ್ ಒಳ್ಳೆಯದು. ಹೂಮಳೆ ಬಂದಾಗ ಪರೀಕ್ಷೆಯೂ ಆಗುತ್ತದೆ, ಮೃಗಶಿರಾ ಮಳೆ ಹಿಡಿಯುವಷ್ಟರಲ್ಲಿ ರಿಪೇರಿಗೆ ಸಮಯವೂ ಉಳಿಯುತ್ತದೆ. ಪಿವಿಸಿ ಆದರೆ ಒಂದು ಗಂಟೆ ಬಿಸಿಲಲ್ಲಿ ಹರಡಿ, ಮೆತ್ತಗಾದ ಮೇಲೆ ಎಳೆಯಿರಿ. ಗ್ಲಾಸ್ ಫ್ರೇಮು, ಕಮಾನು, ಬಟ್ಟೆ ಮೂರಕ್ಕೂ ನಟ್ಟನಡುವೆ ಚಾಕ್ ಗುರುತು ಹಾಕಿ ಒಂದಕ್ಕೊಂದು ಕೂಡಿಸಿ. ಮೊದಲು ಮುಂದಿನ ಅಂಚು, ನಡುವಿನಿಂದ ಮೂಲೆಗಳ ಕಡೆಗೆ. ಆಮೇಲೆ ಹಿಂದಿನ ಎರಡು ಮೂಲೆ, ಇಬ್ಬರು ಒಟ್ಟಿಗೆ ಎಳೆದು. ಕಮಾನು ವಾಲಿದೆಯೇ ನೋಡಿ, ಬದಿಗಳು, ಬಾಗಿಲು ಕೊನೆಗೆ. ಇಷ್ಟೂ ಹೊತ್ತು ಕ್ಲಿಪ್‌ನಲ್ಲೇ ನಿಂತಿರಲಿ. ಗಾಡಿಯ ಮೈಗೆ ಡ್ರಿಲ್ ಹಾಕುವುದು ಎಲ್ಲ ಮುಗಿದ ಮೇಲೆ. ಬಟನ್ನು, ಐಲೆಟ್ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಇರಲಿ. ಕಬ್ಬಿಣದ್ದು ಒಂದೇ ಮಳೆಗಾಲಕ್ಕೆ ಬಟ್ಟೆಗೆ ತುಕ್ಕಿನ ಕಲೆ ಬಿಡುತ್ತದೆ. ಹೊಸ ತೂತಿಗೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಳಿದು ಒಣಗಿದ ಮೇಲೆಯೇ ಸ್ಕ್ರೂ.

ಡ್ರೈವರ್ ಮೊಣಕಾಲಿಗೆ ತೊಟ್ಟಿಕ್ಕುವ ನೀರು ಬರುವುದು ಗ್ಲಾಸ್ ಫ್ರೇಮಿನ ಮೂಲೆಯಿಂದ. ಮುಂದಿನ ಅಂಚಿನೊಳಗೆ ಬೆರಳು ಗಾತ್ರದ ಹಗ್ಗ ಇಟ್ಟು ಹೊಲಿಸಿ, ಅಂಚು ಫ್ರೇಮಿನ ಮುಂದಕ್ಕೆ 2 ಇಂಚು ಇಳಿಬಿದ್ದಿರಲಿ, ಅಡಿಗೆ ರಬ್ಬರ್ ಬೀಡಿಂಗ್ ಅಂಟಿಸಿ. ಮೂಲೆಯಲ್ಲಿ ಬಟನ್ನುಗಳ ಅಂತರ 3 ಇಂಚು, ಉಳಿದೆಡೆ 5 ಸಾಕು. ವೈಪರ್‌ಗೆ ತಾಗದಂತೆ ನೋಡಿಕೊಳ್ಳಿ.

ಪಾರದರ್ಶಕ ಕಿಟಕಿಯ ಶೀಟು ಅರ್ಧ ಮಿಲಿಮೀಟರಿಗಿಂತ ತೆಳು ಬೇಡ. ಡಿಸೆಂಬರ್‌ನ ಬೆಳಗಿನ ಚಳಿಯಲ್ಲಿ ಸುತ್ತಿದರೆ ಸೀಳುತ್ತದೆ. ಒಣ ಧೂಳನ್ನು ಒರೆಸಬೇಡಿ, ಸೋಪುನೀರು ಮಾತ್ರ. ಪೆಟ್ರೋಲ್, ಥಿನ್ನರ್ ತಾಗಿದರೆ ಮಂಜಾಗುತ್ತದೆ.

ಒದ್ದೆ ಟಾಪನ್ನು ಮಡಚಿಡಬೇಡಿ, ಒಂದೇ ರಾತ್ರಿಗೆ ಮುಗ್ಗಲು ವಾಸನೆ ಶುರುವಾಗುತ್ತದೆ. ಇನ್ನೊಂದು ವಿಷಯವನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ: ಬಾಗಿಲು, ಬದಿಗಳನ್ನು ಮುಚ್ಚಿ ಹಿಂಪರದೆ ಮಾತ್ರ ಸುತ್ತಿಟ್ಟು ಓಡಿಸಬಾರದು. ಓಡುವ ಗಾಡಿಯ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಸೈಲೆನ್ಸರ್ ಹೊಗೆ ಒಳಗೆ ಸುತ್ತಿ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ. ತಲೆನೋವು, ತೂಕಡಿಕೆ ಬರುವಷ್ಟರಲ್ಲಿ ತಡವಾಗಿರಬಹುದು. ಚಾರ್ಮಾಡಿ ಘಾಟಿ ಇಳಿಯುವಾಗ ಹಿಂದೆ ಮಕ್ಕಳು ಕೂತಿದ್ದರೆ ಹಿಂಪರದೆ ಪೂರ್ತಿ ಹಾಕಿ, ಮುಂದಿನ ಬಾಗಿಲಿನ ಕಿಟಕಿಯನ್ನು ನಾಲ್ಕು ಬೆರಳಷ್ಟು ತೆರೆದಿಡಿ.